ನೋಡುತ್ತಿದ್ದಾಗ ಸುಮ್ಮನಿರುವ ಪೆಟ್ಟಿಗೆ

ನನ್ನ ತಂಗಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕೂತರೂ ಕಾಲು ಕುಣಿಯುತ್ತಿರುತ್ತದೆ, ಕಾಲು ನಿಂತರೆ ಬೆರಳು ಮೇಜು ತಟ್ಟುತ್ತಿರುತ್ತದೆ. ಚಿಕ್ಕವಳಿದ್ದಾಗ ಅಪ್ಪ ಅವಳಿಗೆ ಚಡಪಡಿ ಎಂದು ಹೆಸರಿಟ್ಟರು. ಈಗ ತಲೆ ಅರ್ಧ ನೆರೆತಿದೆ, ಆದರೂ ನಾನು ಕೂಗುವುದು ಚಡಪಡಿ ಎಂದೇ. ಅವಳು ಉಪಗ್ರಹಗಳಿಗೆ ವಿದ್ಯುತ್ ಪೆಟ್ಟಿಗೆ ಮಾಡುವ ಎಂಜಿನಿಯರು, ನಾನು ಪರದೆ ಮತ್ತು ಸೋಫಾ ಕವರು ಹೊಲಿಯುವವಳು. ಮನೆಯ ಮುಂದಿನ ಕೋಣೆ ನನ್ನ ಅಂಗಡಿ, ಮಹಡಿಯ ಕೋಣೆ ಅವಳದು. ಅವಳಿಗೆ ಮದುವೆ ಯಾಕಾಗಲಿಲ್ಲ ಎಂದು ನನ್ನನ್ನು ಕೇಳಬೇಡಿ. ಅವಳನ್ನು ಕೇಳಿ ಕೇಳಿ ನನ್ನ ಬಾಯಿ ಸೋತುಹೋಗಿದೆ.

ಅವಳು ಮನೆಯಲ್ಲಿದ್ದರೆ ಯಾವ ವಸ್ತುವೂ ಇಟ್ಟ ಹಾಗೆ ಇರುವುದಿಲ್ಲ. ಫ್ರಿಜ್ಜಿನ ಗುಂಡಿ ತಿರುಗಿಸುತ್ತಾಳೆ, ಗೀಸರಿನದ್ದು ತಿರುಗಿಸುತ್ತಾಳೆ, ಫ್ಯಾನನ್ನು ಒಂದಂಶ ಏರಿಸಿ ಮತ್ತೆ ಇಳಿಸುತ್ತಾಳೆ. ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳೆಂದರೆ ದಾರದ ಬಿಗಿಯ ತಿರುಪಿಗೆ ಕೈ ಹಾಕದೆ ಹೋಗುವುದಿಲ್ಲ. ಕೈ ತೆಗೆಯದಿದ್ದರೆ ಬೆರಳಿಗೇ ಹೊಲಿಗೆ ಹಾಕುತ್ತೇನೆ ಎಂದು ಎಷ್ಟು ಸಲ ಹೆದರಿಸಿದ್ದೇನೋ ಲೆಕ್ಕವಿಲ್ಲ. ನನ್ನ ಗಂಡ ಸಿಟಿ ಬಸ್ಸಿನ ಡ್ರೈವರು, ಮಹಾ ನಿಧಾನದ ಮನುಷ್ಯ. ಎಂಜಿನಿಯರಮ್ಮನಿಗೆ ಸಂಬಳ ಕೊಡುವುದೇ ತಿರುಪು ತಿರುಗಿಸಲು, ರಜೆಯ ದಿನವೂ ಪಾಪ ಓವರ್‌ಟೈಮ್ ಮಾಡುತ್ತಾಳೆ ಎಂದು ಅವರು ನಗುತ್ತಾರೆ.

ಅವಳ ಪೆಟ್ಟಿಗೆ ಏನು ಮಾಡುತ್ತದೆ ಎನ್ನುವುದರ ತಲೆಬುಡ ನನಗೂ ಬಹಳ ಕಾಲ ತಿಳಿದಿರಲಿಲ್ಲ. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಉಪಗ್ರಹ ಬಿಸಿಲಿನಲ್ಲಿರುವಾಗ ಅದರ ರೆಕ್ಕೆಯ ಫಲಕಗಳಿಂದ ಕರೆಂಟು ಸಿಗುತ್ತದೆ. ಒಂದೂವರೆ ಗಂಟೆಗೊಮ್ಮೆ ಅದು ಭೂಮಿಯ ನೆರಳಿಗೆ ಹೋಗುತ್ತದೆ, ಆಗ ಬ್ಯಾಟರಿಯೇ ಗತಿ. ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಅದರ ವೋಲ್ಟೇಜು ಇಳಿಯುತ್ತದೆ, ಉಪಗ್ರಹದ ಯಂತ್ರಗಳಿಗೆ ಮಾತ್ರ ಸದಾ ಒಂದೇ ಅಳತೆ ಬೇಕು. ಪೆಟ್ಟಿಗೆ ನಡುವೆ ಕೂತು ಆ ಅಳತೆಯನ್ನು ಕಾಯುತ್ತದೆ. ಕಡಿಮೆಯಾದರೆ ಏರಿಸುತ್ತದೆ, ಹೆಚ್ಚಾದರೆ ಇಳಿಸುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಸಲ. ಕಷ್ಟವಿರುವುದು ಅಲ್ಲೇ. ಸ್ನಾನಕ್ಕೆ ನಿಂತಾಗ ನೀರು ತಣ್ಣಗಿದೆ ಎಂದು ಬಿಸಿ ನಲ್ಲಿಯನ್ನು ಜೋರಾಗಿ ತಿರುಗಿಸುತ್ತೇವೆ, ಮೈ ಸುಡುತ್ತದೆ. ಗಾಬರಿಯಲ್ಲಿ ತಣ್ಣೀರಿನದ್ದನ್ನು ತಿರುಗಿಸುತ್ತೇವೆ, ನಡುಗುತ್ತೇವೆ. ಅವಸರ ಮಾಡಿದಷ್ಟೂ ನೀರು ಹದಕ್ಕೆ ಬರುವುದಿಲ್ಲ. ಪೆಟ್ಟಿಗೆಯೂ ಅವಸರಪಟ್ಟರೆ ಹಾಗೆಯೇ ಹೊಯ್ದಾಡುತ್ತದೆ, ಹೊಯ್ದಾಡುತ್ತ ಕಾದು ಸುಟ್ಟುಹೋಗುತ್ತದೆ. ಅಲ್ಲಿಗೆ ಹೋಗಿ ರಿಪೇರಿ ಮಾಡುವವರು ಯಾರೂ ಇಲ್ಲ. ಇದನ್ನು ಕೇಳಿದ ನನ್ನ ಗಂಡ, ಹಾಗಾದರೆ ಚಡಪಡಿಯಂಥವರನ್ನು ಪೆಟ್ಟಿಗೆಯೊಳಗೆ ಕೂರಿಸಬಾರದು ಎಂದರು. ಅವಳು ನಗಲಿಲ್ಲ, ನಾನು ನಕ್ಕೆ.

ಅವಳಿಗೆ ಕೆಲಸ ಕಲಿಸಿದವರನ್ನು ಆಫೀಸಿನಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರೇ ಆ ತಂಡದ ಯಜಮಾನರು. ಒಂದೆರಡು ಸಲ ನಮ್ಮ ಮನೆಗೂ ಬಂದಿದ್ದರು. ತೆಳ್ಳಗಿನ ಮನುಷ್ಯ, ಕುರ್ಚಿಯ ತುದಿಯಲ್ಲಿ ಕೂತು ಬಿಸಿ ಚಹಾ ಗಟಗಟ ಕುಡಿದು ಎದ್ದುಬಿಡುವವರು. ಇವಳಿಗೆ ತಕ್ಕ ಗುರು ಎಂದುಕೊಂಡೆ. ಇವಳು ಬರೆದ ಚಿತ್ರಗಳನ್ನು ಅವರು ಹರಿದು ಹಾಕಿದ್ದೂ ಉಂಟು, ಹತ್ತು ಜನರ ಮುಂದೆ ಹೊಗಳಿದ್ದೂ ಉಂಟು. ತಾನು ನಿವೃತ್ತನಾದ ಮೇಲೆ ತಂಡ ನಡೆಸಬೇಕಾದವಳು ಇವಳೇ ಎಂದು ಅವರು ಹೇಳಿಯಾಗಿತ್ತು. ಅವರ ಕೊನೆಯ ಉಪಗ್ರಹವೂ ಆಗಲೇ ತಯಾರಾಗುತ್ತಿತ್ತು. ಅದು ಹಾರಿದ ಮೇಲೆ ಅವರು ಮನೆಗೆ ಹೋಗುವುದು, ಇವಳು ಅವರ ಕುರ್ಚಿಗೆ ಹೋಗುವುದು ಎಂದು ಮಾತಾಗಿತ್ತು.

ಆ ಉಪಗ್ರಹಕ್ಕೆ ಒಂದೇ ಥರದ ಎರಡು ಪೆಟ್ಟಿಗೆ, ಒಂದು ಕೈಕೊಟ್ಟರೆ ಇನ್ನೊಂದು. ಕರೆಂಟನ್ನು ಏರಿಸಿ ಇಳಿಸಲು ಹಿಂದೆ ಬಳಸುತ್ತಿದ್ದ ಟ್ರಾನ್ಸಿಸ್ಟರು ತಯಾರಾಗುವುದೇ ನಿಂತುಹೋಗಿತ್ತು. ಹೊಸದನ್ನು ಆರಿಸಿದವಳು ನನ್ನ ತಂಗಿ. ಅದು ಹಳೆಯದಕ್ಕಿಂತ ಚುರುಕು. ಎರಡೂ ಪೆಟ್ಟಿಗೆಗಳನ್ನು ಕಾಯಿಸಿದರು, ಹೆಪ್ಪುಗಟ್ಟಿಸಿದರು, ಗಡಗಡ ಅಲುಗಾಡಿಸಿದರು. ಎಲ್ಲದರಲ್ಲೂ ಪಾಸು. ಎರಡನೆಯದನ್ನು ಉಪಗ್ರಹದ ಹೊಟ್ಟೆಯೊಳಗೆ ಕೂರಿಸಿಯೂ ಆಯಿತು. ಮೊದಲನೆಯದು ಒಂದು ಕೊನೆಯ ಪರೀಕ್ಷೆಗೆಂದು ಇನ್ನೂ ಇವರ ಮೇಜಿನ ಮೇಲಿತ್ತು.

ಮೇಷ್ಟ್ರದ್ದು ಒಂದು ಕಟ್ಟುನಿಟ್ಟಿನ ಪದ್ಧತಿ. ಪೆಟ್ಟಿಗೆಗೆ ಕರೆಂಟು ಕೊಡುವ ಮೊದಲೇ ಅಳೆಯುವ ತಂತಿಯ ಕ್ಲಿಪ್ಪನ್ನು ಹಚ್ಚಬೇಕು, ಕರೆಂಟು ತೆಗೆದ ಮೇಲೆಯೇ ಅದನ್ನು ಬಿಚ್ಚಬೇಕು. ಹಿಂದೆ ಯಾವಾಗಲೋ ಯಾರದೋ ಕೈ ಜಾರಿ ಕ್ಲಿಪ್ಪು ತಗುಲಬಾರದ ಕಡೆ ತಗುಲಿ ಒಂದು ಬೋರ್ಡು ಸುಟ್ಟಿತ್ತಂತೆ. ಅಂದಿನಿಂದ ಆ ಕೋಣೆಯಲ್ಲಿ ಈ ಮಾತು ಮೀರಿದವರಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಅದರಿಂದ ಒಂದು ವಿಚಿತ್ರವಾಯಿತು. ಅಳೆಯುವ ತಂತಿ ಇಲ್ಲದೆ ಪೆಟ್ಟಿಗೆ ಕೆಲಸ ಮಾಡುವುದನ್ನು ಅಲ್ಲಿ ಯಾರೂ ಒಮ್ಮೆಯೂ ಕಂಡಿರಲಿಲ್ಲ.

ಅವತ್ತು ಕೋಣೆಯಲ್ಲಿ ಇದ್ದವರು ಇವಳು ಮತ್ತು ಬೆಸುಗೆಯಣ್ಣ. ಆತ ಬೋರ್ಡುಗಳಿಗೆ ಬೆಸುಗೆ ಹಾಕುವವನು. ಆಟದ ಹುಚ್ಚಿನವನು, ಸಣ್ಣ ರೇಡಿಯೋ ಒಂದನ್ನು ಪೆಟ್ಟಿಗೆಯ ಹಿಂದೆ ಮರೆಮಾಡಿಟ್ಟು ಪಂದ್ಯದ ವಿವರಣೆ ಕೇಳುತ್ತಿದ್ದ. ಪರೀಕ್ಷೆಯ ನಡುವೆ ಕ್ಲಿಪ್ಪು ತಾನಾಗಿ ಕಳಚಿಬಿತ್ತು. ಅದೇ ಗಳಿಗೆಗೆ ರೇಡಿಯೋ ಕುಯ್ಯೆಂದು ಸಿಳ್ಳೆ ಹಾಕತೊಡಗಿತು. ಬೆಸುಗೆಯಣ್ಣ ರೇಡಿಯೋದ ತಲೆಗೆ ಒಂದು ಮೊಟಕಿದ. ಇವಳು ಕ್ಲಿಪ್ಪು ಹಚ್ಚಿದಳು, ಸಿಳ್ಳೆ ನಿಂತಿತು. ಬಿಚ್ಚಿದಳು, ಮತ್ತೆ ಸಿಳ್ಳೆ. ಮೇಷ್ಟ್ರ ಪದ್ಧತಿಯನ್ನು ಗಾಳಿಗೆ ತೂರಿ ಹಚ್ಚಿ ಬಿಚ್ಚಿ, ಹಚ್ಚಿ ಬಿಚ್ಚಿ ನೋಡಿದಳಂತೆ. ಪಂದ್ಯ ಎತ್ತ ಹೋಯಿತೋ ಬೆಸುಗೆಯಣ್ಣನಿಗೇ ನೆನಪಿಲ್ಲ.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಗೇಟಿನಿಂದ ಮೆಟ್ಟಿಲವರೆಗೆ, ಮೆಟ್ಟಿಲಿನಿಂದ ಗೇಟಿನವರೆಗೆ ತಿರುಗಿದಳು. ಮೈಮೇಲೆ ಇರುವೆ ಬಿಟ್ಟಿದ್ದಾರೇನೆ ಎಂದು ರೇಗಿದೆ. ಆಮೇಲೆ ಕೂರಿಸಿ ಕೇಳಿದಾಗ ಹೇಳಿದಳು. ಅಳೆಯುವ ತಂತಿಗೂ ಅದರದೇ ಒಂದಿಷ್ಟು ಪ್ರಭಾವ ಇರುತ್ತದಂತೆ, ತೀರ ಅತ್ಯಲ್ಪ. ಆ ಅತ್ಯಲ್ಪವೇ ಪೆಟ್ಟಿಗೆಯ ಅವಸರವನ್ನು ತಡೆದು ಹಿಡಿದಿತ್ತು. ತಂತಿ ತೆಗೆದರೆ ಪೆಟ್ಟಿಗೆ ಒಳಗೊಳಗೇ ಹೊಯ್ದಾಡುತ್ತದೆ, ಆ ಹೊಯ್ದಾಟವೇ ರೇಡಿಯೋದಲ್ಲಿ ಸಿಳ್ಳೆಯಾಗಿ ಕೇಳಿಸುತ್ತದೆ. ಹೊಸ ಟ್ರಾನ್ಸಿಸ್ಟರಿನ ಚುರುಕುತನವೇ ಅದಕ್ಕೆ ಕಾರಣ, ಅಂದರೆ ತನ್ನ ಆಯ್ಕೆಯೇ ಕಾರಣ ಎಂದಳು. ಮೇಲೆ ನೆರಳಿನ ಚಳಿಯಲ್ಲಿ ಹೊಯ್ದಾಟ ಬೆಳೆದು ಪೆಟ್ಟಿಗೆ ಸುಟ್ಟರೆ ಉಪಗ್ರಹ ಕುರುಡಾಗಿ ತಿರುಗುತ್ತಿರುತ್ತದೆ.

“ಮತ್ತೆ ಹೇಳ್ಬಿಡೇ, ಅದಕ್ಕೇನು?” ಎಂದೆ.

“ಏನಂತ ತೋರಿಸ್ಲಿ ಅಕ್ಕಾ? ಅಳೆಯೋಕೆ ತಂತಿ ಹಚ್ಚಿದ ಕೂಡ್ಲೇ ಅದು ಸುಮ್ಮನಾಗುತ್ತೆ.”

ಕಳ್ಳ ಮಗುವಿನ ಹಾಗೆ, ನೋಡುತ್ತಿದ್ದರೆ ಸಾಧು. ಹೇಳಿದರೆ ಪೆಟ್ಟಿಗೆ ತೆರೆಯಬೇಕು, ಪರೀಕ್ಷೆಗಳೆಲ್ಲ ಮೊದಲಿನಿಂದ ಆಗಬೇಕು, ಉಡಾವಣೆ ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ. ಅಷ್ಟರಲ್ಲಿ ಮೇಷ್ಟ್ರು ನಿವೃತ್ತರಾಗಿರುತ್ತಾರೆ, ತಮ್ಮ ಕೊನೆಯ ಉಪಗ್ರಹವನ್ನು ಹೊರಗಿನವರಂತೆ ಟಿವಿಯಲ್ಲಿ ನೋಡಬೇಕಾಗುತ್ತದೆ. ಇವಳ ಕುರ್ಚಿಯ ಮಾತಂತೂ ಕೇಳುವುದೇ ಬೇಡ. ಹೇಳದಿದ್ದರೆ ಪ್ರತಿ ನೆರಳಿಗೂ ಇವಳ ಜೀವ ಹಿಡಿಯಷ್ಟಾಗುತ್ತದೆ. ಬ್ರೇಕಿನಲ್ಲಿ ಸದ್ದು ಬಂದರೆ ತಾನು ಬಸ್ಸನ್ನು ಡಿಪೋಗೆ ತಿರುಗಿಸುತ್ತೇನೆ, ಜನ ಬೈದರೆ ಬೈಯಲಿ ಎಂದರು ನನ್ನ ಗಂಡ. ದೊಡ್ಡ ಉಪದೇಶ! ಬಸ್ಸನ್ನು ಕೆಳಗಿಳಿದು ನೋಡಬಹುದು ಎಂದು ಅವರ ಮೇಲೆ ಹರಿಹಾಯ್ದೆ. ಮನೆಯಲ್ಲಿ ಅವತ್ತು ಯಾರೂ ನೆಟ್ಟಗೆ ಊಟ ಮಾಡಲಿಲ್ಲ.

ಮರುದಿನ ಅವಳು ಹೇಳಿದಳು. ಮೇಷ್ಟ್ರು ತಾವೇ ತಂತಿ ಹಚ್ಚಿ ನೋಡಿದರು. ಅಳೆಯುವ ಯಂತ್ರದ ತೆರೆಯ ಮೇಲೆ ಗೆರೆ ನೇರ, ಒಂದು ಕೂದಲಿನಷ್ಟೂ ನಡುಗಲಿಲ್ಲ. ರೇಡಿಯೋ ತರಿಸಿ ಕೇಳಿಸಿದಳು. ರೇಡಿಯೋ ಯಾವುದಕ್ಕೆ ಬೇಕಾದರೂ ಸಿಳ್ಳೆ ಹಾಕುತ್ತದೆ, ಪಕ್ಕದ ಕೋಣೆಯ ದೀಪಕ್ಕೂ ಹಾಕುತ್ತದೆ ಎಂದರು. ಅದು ನಿಜವೂ ಹೌದಂತೆ. ಕೊನೆಗೆ ಉಡಾವಣೆಗೆ ಒಪ್ಪಿಗೆ ಕೊಡುವ ಸಮಿತಿಯ ಮುಂದೆ, ಎಲ್ಲರೆದುರು, ಅವರು ಇವಳತ್ತ ತಿರುಗಿದರು.

“ಮುಚ್ಚಿದ ಪೆಟ್ಟಿಗೆ ತೆರೆದ್ರೆ ಒಂದು ತೊಂದ್ರೆ ಆಚೆ ಬರುತ್ತೆ, ಎರಡು ಒಳಗೆ ಹೋಗುತ್ತೆ. ನಿನ್ನ ಕೈಲಿ ಇರೋದು ಒಂದು ಸಿಳ್ಳೆ. ಅಷ್ಟಕ್ಕೇ ನಿಲ್ಲಿಸು ಅಂತೀಯಾ?”

“ಹೌದು ಸರ್, ನಿಲ್ಲಿಸಿ ಅಂತೀನಿ,” ಎಂದಳಂತೆ ಇವಳು. ಗುರುವಿನ ಮುಖ ನೋಡಿ ಹಾಗೆನ್ನಲು ಎಂಥ ಎದೆ ಬೇಕು ಹೇಳಿ. ಅವತ್ತು ಅಲ್ಲಿ ನಾನಿದ್ದಿದ್ದರೆ ಅವಳ ಕೈ ಹಿಡಿದುಕೊಂಡು ನಿಲ್ಲುತ್ತಿದ್ದೆ.

ಸಮಿತಿ ಎರಡೂ ಕಡೆಯವರಿಗೆ ಅರ್ಧರ್ಧ ಕೊಟ್ಟು ಕೈ ತೊಳೆದುಕೊಂಡಿತು. ಮೇಜಿನ ಮೇಲಿದ್ದ ಮೊದಲನೆಯ ಪೆಟ್ಟಿಗೆಯನ್ನು ತೆರೆದು ಅದರ ಅವಸರ ತಡೆಯಲು ಇವಳು ಹೇಳಿದ ಸಣ್ಣ ಬಿಡಿಭಾಗ ಸೇರಿಸುವುದು. ಎರಡನೆಯದನ್ನು ತೆಗೆಯಬೇಕೆಂದರೆ ಉಪಗ್ರಹವನ್ನೇ ಅರ್ಧ ಬಿಚ್ಚಬೇಕು, ಆದ್ದರಿಂದ ಅದು ಇದ್ದ ಹಾಗೇ ಹೋಗಲಿ, ಮೊದಲನೆಯದು ಸತ್ತರೆ ಮಾತ್ರ ಅದರ ಪಾಳಿ. ಇವಳು ತನ್ನ ವರದಿಯಲ್ಲಿ ಎರಡನೆಯ ಪೆಟ್ಟಿಗೆ ನಂಬಲು ಯೋಗ್ಯವಲ್ಲ ಎಂದು ಬರೆದು ಸಹಿ ಹಾಕಿದಳು. ಬೆಸುಗೆಯಣ್ಣ ಮೊದಲನೆಯದನ್ನು ಉಸಿರು ಬಿಗಿಹಿಡಿದು ತೆರೆದು, ಭಾಗ ಸೇರಿಸಿ, ಮತ್ತೆ ಮುಚ್ಚಿದ. ತಂತಿ ಇದ್ದರೂ ಇಲ್ಲದಿದ್ದರೂ ರೇಡಿಯೋ ಇನ್ನು ಸಿಳ್ಳೆ ಹಾಕಲಿಲ್ಲ.

ಉಡಾವಣೆ ಮುಂದಕ್ಕೆ ಹೋಯಿತು, ಮೇಷ್ಟ್ರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಎಲ್ಲರ ಕೈ ಕುಲುಕಿ ಮಾತಾಡಿಸಿದವರು ಇವಳ ಹತ್ತಿರ ಬಂದಾಗ ಗೋಡೆ ನೋಡುತ್ತ ಒಳ್ಳೆಯದಾಗಲಿ ಎಂದು ಮುಂದೆ ಹೋದರಂತೆ. ಕುರ್ಚಿ ಬೇರೆಯವರಿಗೆ ಹೋಯಿತು. ಇವಳನ್ನು ಬೇರೆ ತಂಡಗಳ ಕಾಗದಪತ್ರ ಪರಿಶೀಲಿಸುವ ವಿಭಾಗಕ್ಕೆ ಹಾಕಿದರು. ಉಪಗ್ರಹ ಹಾರಿತು, ಮೊದಲನೆಯ ಪೆಟ್ಟಿಗೆ ನೆರಳಿನ ಮೇಲೆ ನೆರಳು ದಾಟಿಸಿತು. ಆದರೂ ಒಬ್ಬರೂ ಇವಳಿಗೆ ಭೇಷ್ ಎನ್ನಲಿಲ್ಲ. ಕೆಡದೆ ಇದ್ದದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ನನಗೆ ಮೇಷ್ಟ್ರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರ ಮನೆ ಕಿಟಕಿಗಳಿಗೆ ನಾನೇ ಹೊಲಿದುಕೊಟ್ಟ ಪರದೆಗಳಿದ್ದವು. ಹೋಗಿ ಕಿತ್ತುಕೊಂಡು ಬರಲಾ ಎಂದೆ. ಬೇಡ ಅಕ್ಕಾ, ಅವರಿಗೆ ಬಿಸಿಲು ಆಗಲ್ಲ ಎಂದಳು. ಪ್ರತಿ ವರ್ಷದ ಮೊದಲ ದಿನ ಅವರಿಗೆ ಫೋನ್ ಮಾಡುವಳು. ಅವರು ಎತ್ತುತ್ತಿರಲಿಲ್ಲ.

ವರ್ಷಗಳು ಹೀಗೆ ಹೋದವು. ಈಚೆಗೆ ಒಂದು ದಿನ ಹಳೆಯ ತಂಡದವರು ಅವಳನ್ನು ಕರೆಸಿದರು. ಮೊದಲನೆಯ ಪೆಟ್ಟಿಗೆ ಬಿಸಿಯಾಗುತ್ತಿತ್ತು. ದಿನದಿಂದ ದಿನಕ್ಕೆ ಬಿಸಿ ಏರುತ್ತಲೇ ಇತ್ತು. ಒಳಗೆ ಯಾವುದೋ ಬೆಸುಗೆ ಬಿರುಕು ಬಿಡುತ್ತಿರುವ ಲಕ್ಷಣ. ತೆರೆದು ಕೈಯಾಡಿಸಿದ್ದಕ್ಕೇ ಹೀಗಾಯಿತು ಎಂದು ಆಫೀಸಿನ ಕಾರಿಡಾರಿನಲ್ಲಿ ಇಬ್ಬರು ಪಿಸುಗುಟ್ಟಿದ್ದು ಇವಳ ಕಿವಿಗೆ ಬಿತ್ತು. ನಿವೃತ್ತನಾಗಿ ಮನೆಯಲ್ಲಿದ್ದ ಬೆಸುಗೆಯಣ್ಣನಿಗೆ ಈ ಮಾತು ಮುಟ್ಟದಿರಲಿ ಎಂದೇ ಅವಳು ಮೊದಲು ಅಂದುಕೊಂಡಳಂತೆ. ಈಗ ಉಳಿದಿರುವುದು ಎರಡನೆಯದು. ನಂಬಬೇಡಿ ಎಂದು ಇವಳೇ ಸಹಿ ಹಾಕಿದ್ದ ಪೆಟ್ಟಿಗೆ.

ಬದಲಾಯಿಸೋಣವೇ, ಬೇಡವೇ ಎಂದು ಕೇಳಿದರು. ಯಾವ ಬಾಯಲ್ಲಿ ಬೇಡ ಎಂದಿದ್ದಳೋ ಅದೇ ಬಾಯಲ್ಲಿ ಬದಲಾಯಿಸಿ ಎಂದಳು. ಮೊದಲನೆಯದು ಖಂಡಿತ ಸಾಯುತ್ತದೆ, ಎರಡನೆಯದು ಸಾಯಲೂಬಹುದು, ಇಷ್ಟೇ ವ್ಯತ್ಯಾಸ ಎಂದು ಹೇಳಿ ಹೊರಗೆ ಬಂದಳು. ನಿಯಂತ್ರಣ ಕೋಣೆಗೆ ಈಗಿನ ತಂಡದವರಿಗಷ್ಟೇ ಪ್ರವೇಶ. ಹೊರಗಿನ ಬೆಂಚಿನ ಮೇಲೆ ಕೂರುವುದು ಅವಳಿಂದಾಗಲಿಲ್ಲ, ಮನೆಗೆ ಬಂದಳು. ನಿಯಂತ್ರಣ ಕೋಣೆಯಲ್ಲಿ ಅವಳನ್ನು ಹಚ್ಚಿಕೊಂಡಿದ್ದ ಹುಡುಗಿಯೊಬ್ಬಳಿದ್ದಳು, ಉಪಗ್ರಹ ನೆರಳಿನಿಂದ ಈಚೆ ಬಂದ ಕೂಡಲೇ ಅಂಕಿ ಕಳಿಸುತ್ತೇನೆ ಎಂದಿದ್ದಳು.

ಮಧ್ಯಾಹ್ನ. ನಾನು ಒಂದು ಹೋಟೆಲಿನ ಪರದೆಗಳನ್ನು ಹೊಲಿಯುತ್ತಿದ್ದೆ, ನೆಲದ ತುಂಬ ಹಸಿರು ಬಟ್ಟೆ. ಅವಳು ಫೋನನ್ನು ಅಂಗೈಯಲ್ಲಿ ಹಿಡಿದು ಬಟ್ಟೆ ದಾಟಿ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕಾಲಿಗೆ ಸಿಕ್ಕಿದ ಕತ್ತರಿಯನ್ನು ಎತ್ತಿ ಮೇಜಿನ ಮೇಲಿಟ್ಟಳು, ಮತ್ತೆ ತೆಗೆದು ಇನ್ನೊಂದು ಕಡೆ ಇಟ್ಟಳು. ಈಗ ನೆರಳಿಗೆ ಹೋಗಿರುತ್ತದೆ ಎಂದಳು. ನನ್ನ ಕಾಲು ಯಂತ್ರದ ಪೆಡಲಿನ ಮೇಲೆ ತಾನಾಗಿ ನಿಂತಿತು.

“ನೀನು ಅವತ್ತು ಹೇಳಿದ್ದು ಸರಿಯಾಗಿದ್ರೆ ಏನಾಗುತ್ತೆ?” ಎಂದು ಕೇಳಿದೆ.

“ಸುಟ್ಟುಹೋಗುತ್ತೆ.”

“ತಪ್ಪಾಗಿದ್ರೆ?”

“ಉಳಿಯುತ್ತೆ.” ಅವಳು ನಿಂತಳು. “ಅಕ್ಕಾ, ನಾನು ಹೇಳಿದ್ದೆಲ್ಲ ಸುಳ್ಳಾಗ್ಲಿ ಅಂತ ಬೇಡ್ಕೊಳ್ಳೇ.”

ಯಾವ ಮಾತಿಗಾಗಿ ಗುರುವನ್ನು ಕಳೆದುಕೊಂಡಳೋ, ಕುರ್ಚಿ ಕಳೆದುಕೊಂಡಳೋ, ಅದೇ ಮಾತು ಸುಳ್ಳಾಗಲಿ ಎನ್ನುತ್ತಿದ್ದಾಳೆ. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬೇಡಿಕೊಂಡೆ.

ಫೋನು ಟಿಣ್ ಎಂದಿತು. ಅವಳು ನೋಡಿದಳು, ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು. ನಲವತ್ತೆರಡು ವೋಲ್ಟು, ಎಷ್ಟಿರಬೇಕೋ ಅಷ್ಟೇ, ನೆರಳಿನುದ್ದಕ್ಕೂ. ಪೆಟ್ಟಿಗೆ ಬಿಸಿಯಾಗಿಲ್ಲ. ಹಸಿರು ಬಟ್ಟೆಯ ಮೇಲೆಯೇ ಕುಸಿದು ಕೂತಳು. ಎಷ್ಟೋ ವರ್ಷಗಳ ಮೇಲೆ ಅವಳ ಕಾಲು ಕುಣಿಯದೆ ಇದ್ದದ್ದನ್ನು ಅಂದು ನೋಡಿದೆ.

ನನ್ನ ಬಾಯಿ ಮಾತ್ರ ಸುಮ್ಮನಿರಲಿಲ್ಲ. ಹಾಗಾದರೆ ಆ ತಿಂಗಳುಗಳೆಲ್ಲ ದಂಡವಾಯಿತೇನೆ, ಪಟ್ಟ ಪಾಡೆಲ್ಲ ನೀರುಪಾಲಾಯಿತೇನೆ ಎಂದು ಕೂಗಾಡಿದೆ. ಅವಳು ಯೋಚಿಸಿ ಯೋಚಿಸಿ ಹೇಳಿದಳು. ಉಪಗ್ರಹ ತನ್ನ ವೋಲ್ಟೇಜನ್ನು ತಾನೇ ಅಳೆದು ಭೂಮಿಗೆ ಕಳಿಸುತ್ತದಲ್ಲ, ಅದಕ್ಕೂ ಒಂದು ತಂತಿ ಇರುತ್ತದೆ. ಅದು ಲೆಕ್ಕಕ್ಕೆ ಬರದು ಎಂದು ಮೇಷ್ಟ್ರೂ ತಾನೂ ಎಲ್ಲರೂ ಬಿಟ್ಟಿದ್ದರು. ಬಹುಶಃ ಅದೇ ತಂತಿ ಅಲ್ಲಿ ಪೆಟ್ಟಿಗೆಯನ್ನು ಹಿಡಿದು ನಿಲ್ಲಿಸಿದೆ. ಮೇಲೆ ಅದನ್ನು ಸದಾ ಯಾರೋ ಅಳೆಯುತ್ತಲೇ ಇರುತ್ತಾರೆ. ಇರಬಹುದು, ಖಾತ್ರಿಯಿಲ್ಲ ಎಂದಳು.

ಆಮೇಲೆ ಮೇಷ್ಟ್ರಿಗೆ ಫೋನ್ ಹಚ್ಚಿದಳು. ನಾನೇ ಇಸಿದುಕೊಂಡು ಸ್ಪೀಕರ್ ಒತ್ತಿ ಬಟ್ಟೆಯ ಮೇಲಿಟ್ಟೆ. ಎತ್ತುವುದಿಲ್ಲ ಎಂದು ನನಗೆ ಖಾತ್ರಿಯಿತ್ತು, ನಾಲ್ಕು ಬೈಗುಳ ನಾಲಿಗೆಯ ತುದಿಯಲ್ಲಿ ಸಿದ್ಧವಿದ್ದವು. ಎತ್ತಿದರು. ಯಾರು ಎಂದು ಕೇಳಲಿಲ್ಲ.

“ಸರ್, ಮೊದಲನೇದು ಹಾಳಾಯ್ತು. ಎರಡನೇದಕ್ಕೆ ಬದಲಾಯ್ಸಿದ್ರು, ಅದು ಚೆನ್ನಾಗಿದೆ. ನಾನು ಅವತ್ತು ಹೇಳಿದ್ದು ತಪ್ಪು. ನೀವು ಹೇಳಿದ ಹಾಗೆ ತೆರೀಬಾರ್ದಿತ್ತು.”

ಆ ಕಡೆ ಕುರ್ಚಿ ಎಳೆದ ಸದ್ದು. ಅವರಿಗೆ ವಯಸ್ಸಾಗಿದೆ, ಉಸಿರು ಕೇಳಿಸುತ್ತಿತ್ತು.

“ತಪ್ಪು ಸರಿ ಆಮೇಲೆ ನೋಡೋಣ,” ಎಂದರು. “ವೋಲ್ಟೇಜ್ ಎಷ್ಟಿದೆ?”

“ನಲವತ್ತೆರಡು, ಸರ್.”

“ಒಂದು ನೆರಳು ತಾನೇ ದಾಟಿರೋದು? ಪೆಟ್ಟಿಗೆ ಇನ್ನೂ ಪೂರ್ತಿ ತಣ್ಣಗಾಗಿರಲ್ಲ, ನೀನು ಹೇಳಿದ ಹೊಯ್ದಾಟ ಬೆಳೆಯೋದು ಚಳೀಲಿ. ಮುಂದಿನ ನೆರಳು ನೋಡಮ್ಮಾ. ನಾನು ಫೋನ್ ಇಡಲ್ಲ.”

ಅವಳು ಹೂಂ ಎಂದಳು. ನನ್ನ ಬೈಗುಳಗಳನ್ನು ನಾನು ನುಂಗಿಕೊಂಡೆ. ಮುಂದಿನ ನೆರಳು ಬಂದು ಹೋಗುವವರೆಗೂ ಅವರಿಬ್ಬರೂ ಹೆಚ್ಚೇನೂ ಮಾತಾಡಲಿಲ್ಲ, ಫೋನನ್ನೂ ಇಡಲಿಲ್ಲ.